ಕಲ್ಲಚ್ಚಿನಿಂದ ಚಾವಡಿಗೆ

ಮಂಗಳೂರು, ಮೂಲ್ಕಿ, ಉಡುಪಿ ಕಡೆಯ ಹಳೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ದಿನವಿಡೀ ಕೇಳುವುದು ತುಳು. ಮೀನಿನ ಚೌಕಾಸಿ, ಮಕ್ಕಳಿಗೆ ಬೈಗುಳ, ಮದುವೆಯ ಮಾತುಕತೆ ಎಲ್ಲವೂ ತುಳುವಿನಲ್ಲೇ ಮುಗಿಯುತ್ತವೆ. ರಾತ್ರಿ ಊಟಕ್ಕೆ ಮೊದಲು ಚಾವಡಿಯಲ್ಲಿ ಎಲ್ಲರೂ ಕೂತು ಸತ್ಯವೇದ ತೆರೆದಾಗ ಮಾತ್ರ ಭಾಷೆ ಕನ್ನಡಕ್ಕೆ ಹೊರಳುತ್ತದೆ. ಒಂದು ಸಂಗೀತ, ಒಂದು ಅಧ್ಯಾಯ, ಮನೆಯ ಹಿರಿಯರ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಹೇಳುವ ಕರ್ತನ ಪ್ರಾರ್ಥನೆ. ಕಾಯಿಲೆ ಬಿದ್ದವರ ಹೆಸರು, ಪರೀಕ್ಷೆಗೆ ಕೂತವರ ಹೆಸರು, ಊರು ಬಿಟ್ಟು ಹೋದವರ ಹೆಸರು ನಡುವೆ ಬಂದು ಹೋಗುತ್ತವೆ. ಇದೇ ಕುಟುಂಬ ಪ್ರಾರ್ಥನೆ.

ಓದು ಶಾಲೆಯಿಂದ ಮನೆಗೆ ಬಂತೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಶಾಲೆ ಅಕ್ಷರ ಕೊಟ್ಟಿತು, ನಿಜ. ಆದರೆ ಮೂರು ನಾಲ್ಕು ವರ್ಷ ಓದಿ ಬಿಟ್ಟ ಹುಡುಗಿ ಅಜ್ಜಿಯಾಗುವವರೆಗೂ ಆ ಅಕ್ಷರ ಮರೆಯದೆ ಉಳಿಯಬೇಕಾದರೆ ಅದಕ್ಕೆ ದಿನವೂ ಕೆಲಸ ಬೇಕು. ಈ ಮನೆಗಳಲ್ಲಿ ಆ ಕೆಲಸ ಕೊಟ್ಟದ್ದು ಸಂಜೆಯ ಪ್ರಾರ್ಥನೆ ಎಂಬುದು ನನ್ನ ದೃಢ ನಂಬಿಕೆ.

ಈ ಪ್ರಾರ್ಥನೆಯ ಬೇರು ಜರ್ಮನಿಯಲ್ಲಿದೆ. ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದ ಅಧ್ಯಾಯಗಳು ಮನೆಯ ಯಜಮಾನನನ್ನು ಉದ್ದೇಶಿಸಿಯೇ ಆರಂಭವಾಗುತ್ತವೆ. ಹೆಂಡತಿ ಮಕ್ಕಳಿಗೆ, ಆಳುಕಾಳುಗಳಿಗೆ ಆತ ಹೇಗೆ ಕಲಿಸಬೇಕು, ಬೆಳಗ್ಗೆ ಎದ್ದಾಗ, ಊಟಕ್ಕೆ ಕೂತಾಗ, ರಾತ್ರಿ ಮಲಗುವಾಗ ಏನು ಹೇಳಬೇಕು ಎಂಬುದೆಲ್ಲ ಅದರಲ್ಲಿದೆ. 1670ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ ತನ್ನ ಮನೆಯಲ್ಲೇ ಜನರನ್ನು ಕೂಡಿಸಿ ಭಕ್ತಿಯ ಓದು ಶುರು ಮಾಡಿದರು. ಅಲ್ಲಿಂದ ಹರಡಿದ ಪಂಥಕ್ಕೆ ಪಯಟಿಸಂ ಎಂದು ಹೆಸರು. ಮನೆಮನೆಯಲ್ಲಿ ಓದಬೇಕಾದರೆ ಪುಸ್ತಕ ಅಗ್ಗವಾಗಬೇಕು. 1710ರಲ್ಲಿ ಹಾಲೆ ನಗರದಲ್ಲಿ ಶುರುವಾದ ಕಾನ್‌ಸ್ಟೈನ್ ಸಂಸ್ಥೆ ಅದನ್ನೂ ಸಾಧಿಸಿತು. ಜೋಡಿಸಿದ ಮೊಳೆಗಳನ್ನು ಕಳಚದೆ ಹಾಗೇ ಇಟ್ಟುಕೊಂಡು ಮತ್ತೆ ಮತ್ತೆ ಅಚ್ಚು ಹಾಕಿದ್ದರಿಂದ ಬೈಬಲ್ಲು ಬಡವರ ಕೈಗೆ ಎಟುಕಿತು. ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಂತೂ ರೈತರೂ ನೇಕಾರರೂ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಓದುವುದು ಬದುಕಿನ ಭಾಗವಾಯಿತು. 1743ರಲ್ಲಿ ಅಲ್ಲಿನ ಸರಕಾರವೇ ಇಂಥ ಕೂಟಗಳಿಗೆ ಒಪ್ಪಿಗೆ ಕೊಟ್ಟಿತು.

1815ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿಗೆ ಸೇರಿದ ಹುಡುಗರಲ್ಲಿ ಬಹಳ ಮಂದಿ ಈ ವುರ್ಟೆಂಬರ್ಗಿನವರು. ರೈತರ, ಕುಶಲಕರ್ಮಿಗಳ ಮಕ್ಕಳು. 1834ರ ಅಕ್ಟೋಬರದಲ್ಲಿ ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಎರಡು ವರ್ಷದ ಬಳಿಕ ಹರ್ಮನ್ ಮೋಗ್ಲಿಂಗ್ ಬಂದರು. ಇವರಿಗೆಲ್ಲ ಧರ್ಮವೆಂದರೆ ಭಾನುವಾರದ ಆರಾಧನೆಯಷ್ಟೇ ಆಗಿರಲಿಲ್ಲ. ತಂದೆ ತಾಯಿಯ ಜೊತೆ ಕೂತು ಓದಿದ ಸಂಜೆಯೂ ಧರ್ಮವೇ ಆಗಿತ್ತು.

ಇನ್ನು ಇಲ್ಲಿನವರ ಸ್ಥಿತಿ ನೋಡಬೇಕು. ಆಗ ಕ್ರೈಸ್ತರಾದವರಲ್ಲಿ ಬಿಲ್ಲವರೇ ಹೆಚ್ಚು. ಜಾತಿ ಬಿಟ್ಟರೆ ಅಳಿಯಸಂತಾನದ ಕುಟುಂಬದ ಪಾಲೂ ಹೋಯಿತು, ಇದ್ದ ಮನೆಯೂ ಹೋಯಿತು, ಕಸುಬೂ ಹೋಯಿತು. ಕಲೆಕ್ಟರ್ ಬ್ಲೇರ್ 1840ರಲ್ಲಿ ಕೊಟ್ಟ ಬಲ್ಮಠದ ಜಾಗದಲ್ಲಿ, ಆಮೇಲೆ ನೇಯ್ಗೆಯ ಕಾರ್ಖಾನೆಗಳ ಆಸುಪಾಸಿನಲ್ಲಿ, 1865ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಅದರ ಸುತ್ತ ಹೊಸ ಮನೆಗಳು ಎದ್ದವು. ಆದರೆ ಮನೆ ಎದ್ದ ಮಾತ್ರಕ್ಕೆ ಸಂಜೆ ತುಂಬುವುದಿಲ್ಲ. ಮುಸ್ಸಂಜೆಗೆ ಹಚ್ಚುತ್ತಿದ್ದ ದೀಪ, ಭೂತಗಳಿಗೆ ಕೊಡುವ ವರ್ಷದ ತಂಬಿಲ, ಊರಿನ ಭೂತಕೋಲ, ಪಾಡ್ದನವೆಂಬ ತುಳು ಹಾಡು ಹೇಳುತ್ತ ನೇಜಿ ನೆಡುವ ಸಾಲು ಎಲ್ಲ ಹಿಂದೆ ಉಳಿದವು. ಬಂಧುಗಳ ಮನೆಗೆ ಹೋಗುವಂತಿಲ್ಲ, ಅವರು ಬರುವಂತಿಲ್ಲ. ಆ ಖಾಲಿ ಹೊತ್ತಿಗೆ ಬಂದು ಕೂತದ್ದು ಪುಸ್ತಕ. ಹೊಸ ನಂಬಿಕೆಯ ವಿಷಯದಲ್ಲಿ ಯಾರು ಏನೇ ಹೇಳಲಿ, ಎಲ್ಲವನ್ನೂ ಕಳೆದುಕೊಂಡವರು ದಿನಕ್ಕೊಮ್ಮೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಲು ಒಂದು ಕಾರಣ ಸಿಕ್ಕಿತಲ್ಲ, ಅದರ ಬೆಲೆ ದೊಡ್ಡದು.

ಪುಸ್ತಕವಾದರೂ ಎಲ್ಲಿತ್ತು? ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು ಪೂರ್ಣ ಕನ್ನಡ ಬೈಬಲ್ಲನ್ನು 1831ರಲ್ಲಿ ಅಚ್ಚು ಹಾಕಿಸಿದ್ದರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚು ಶುರುವಾಯಿತು. ಕಲ್ಲಚ್ಚಿನಲ್ಲಿ ಮೊಳೆಯಿಲ್ಲ. ಎಣ್ಣೆ ಮಸಿಯಲ್ಲಿ ಕೈಯಿಂದ ಬರೆದದ್ದು ಕಲ್ಲಿಗೆ ಇಳಿದು, ಕಲ್ಲಿನಿಂದ ಕಾಗದಕ್ಕೆ ಏರುತ್ತದೆ. ಹಾಗಾಗಿ ಆ ಕಾಲದ ಪುಸ್ತಕ ತೆರೆದರೆ ಯಾರೋ ನಮಗೇ ಬರೆದ ಕಾಗದದಂತೆ ಕಾಣುತ್ತದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದದ್ದು ಇದೇ ಕಲ್ಲಚ್ಚಿನಿಂದ. ನಮ್ಮ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಆ ದಿನಕ್ಕೆ ಗೌರವವಿದೆ. ಅದೇ ಕಲ್ಲಿನ ಮೇಲೆ ಅಚ್ಚಾದ ಪ್ರಾರ್ಥನೆಯ ಪುಸ್ತಕಗಳನ್ನು, ಹಾಡಿನ ಪುಸ್ತಕಗಳನ್ನು ಅಷ್ಟೇ ಗೌರವದಿಂದ ನೆನೆಯುವವರು ಕಡಿಮೆ.

ಗ್ರೈನರ್ ಮತ್ತು ಅದೇ ಮಿಶನ್ನಿನ ಅಮ್ಮನ್ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ತುಳುವಿಗೂ ತಂದರು, 1847ರಲ್ಲಿ. ಆದರೂ ಮನೆಯ ಓದು ಕನ್ನಡದಲ್ಲೇ ಉಳಿಯಿತು. ಶಾಲೆ ಕನ್ನಡದ್ದು, ಕಚೇರಿ ಕನ್ನಡದ್ದು, ಹಾಡಿನ ಪುಸ್ತಕ ದೊಡ್ಡದಾಗುತ್ತ ಹೋದದ್ದೂ ಕನ್ನಡದಲ್ಲೇ. ಮನೆಮಾತಿನಲ್ಲಿ ಪೂರ್ತಿ ಸತ್ಯವೇದವನ್ನು ಓದಿ ಪ್ರಾರ್ಥಿಸುವ ಸುಖ ತುಳುವರಿಗೆ ತಲೆಮಾರುಗಟ್ಟಲೆ ದಕ್ಕಲಿಲ್ಲ. ಅದು ನಷ್ಟವೇ.

ಚಾವಡಿಯ ಗೂಡಿನಲ್ಲಿರುವ ಪ್ರತಿಯೊಂದನ್ನು ಕೈಗೆತ್ತಿಕೊಂಡು ನೋಡಿ. ಕಪ್ಪು ರಟ್ಟು, ಅಂಚಿಗೆ ಬಳಿದ ಕೆಂಪು ಮಾಸಿ ಕಂದಾಗಿದೆ. ಕೀರ್ತನೆಗಳ ಪುಟ ಬಂದಲ್ಲಿ ಬೆರಳಿನ ಜಿಡ್ಡು ಹಿಡಿದು ಹಾಳೆ ತೆಳ್ಳಗಾಗಿದೆ. ಯಾಜಕಕಾಂಡದ ಹಾಳೆಗಳು ಇನ್ನೂ ಗರಿಗರಿ. ರಟ್ಟಿನ ಒಳಗಿನ ಖಾಲಿ ಪುಟದಲ್ಲಿ ಮದುವೆಯ ದಿನ, ಮಕ್ಕಳು ಹುಟ್ಟಿದ ದಿನ, ಸ್ನಾನದೀಕ್ಷೆಯ ದಿನ, ಸತ್ತ ದಿನ. ಮೊದಲಿನ ನಾಲ್ಕು ಸಾಲು ಟಾಕಿನ ಮಸಿ, ಅಕ್ಷರಕ್ಕೆ ಬಾಲ ಉದ್ದ. ಆಮೇಲೆ ನೀಲಿ ಫೌಂಟನ್ ಪೆನ್ನು, ಆಮೇಲೆ ಬಾಲ್ ಪೆನ್ನು. ಒಂದು ಕೂಸಿನ ಹೆಸರಿನ ಮುಂದೆ ಎರಡು ದಿನಾಂಕ ಒಂದೇ ತಿಂಗಳಿನವು.

ಓದುವ ಕ್ರಮಕ್ಕೂ ಒಂದು ನೀತಿಯಿತ್ತು. ಅಧ್ಯಾಯವನ್ನು ಒಬ್ಬರೇ ಓದಿ ಮುಗಿಸುವುದಿಲ್ಲ. ಎರಡೆರಡು ವಚನ ಸರದಿಯಲ್ಲಿ ಬರುತ್ತದೆ. ಅಪ್ಪನಿಗೆ ಎರಡು, ಅಮ್ಮನಿಗೆ ಎರಡು, ಎರಡನೇ ಕ್ಲಾಸಿನ ಮಗುವಿಗೂ ಎರಡು. ಸೊಸೆಯ ಸರದಿ ಬಂದಾಗ ಮಾವನೂ ಸುಮ್ಮನೆ ಕೇಳಬೇಕು. ಮಗು ನೆಬೂಕದ್ನೆಚ್ಚರನ ಹೆಸರಿನಲ್ಲಿ ಎಡವಿದರೆ, ಅಕ್ಷರ ಬಾರದ ಅಜ್ಜಿ ಗೋಡೆಗೆ ಒರಗಿದಲ್ಲಿಂದಲೇ “ನನೊರ ಓದ್ಲ ಮಗಾ” ಎನ್ನುತ್ತಾಳೆ, ಇನ್ನೊಮ್ಮೆ ಓದು ಎಂದು. ಅವಳಿಗೆ ಪುಟ ಗೊತ್ತಿಲ್ಲ, ಕಿವಿಗೆ ಎಲ್ಲವೂ ಗೊತ್ತು. ಹೆಣ್ಣುಮಕ್ಕಳ ಶಾಲೆಗಳು ಈ ಮಿಶನ್ನಿನ ಮೊದಲ ದಶಕಗಳಲ್ಲೇ ಬಂದವು. ಅಲ್ಲಿ ಕಲಿತದ್ದಕ್ಕೆ ಮನೆಯಲ್ಲಿ ದಿನವೂ ಎರಡು ವಚನದ ಹಕ್ಕು ಸಿಕ್ಕಿತು. ಗಂಡಸರ ಎದುರು ಗಟ್ಟಿಯಾಗಿ ಓದುವುದನ್ನು ಈ ಹೆಂಗಸರು ಬಹಳ ಬೇಗ ಕಲಿತರು. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಡುವ ಸಂಗತಿ ಇದು.

ಸತ್ಯವೇದದ ಪಕ್ಕದಲ್ಲಿ ಮೆಲ್ಲಗೆ ಬೇರೆ ಪುಸ್ತಕಗಳೂ ಬಂದು ಕೂತವು. ಜಾನ್ ಬನ್ಯನ್ನನ ಪ್ರಸಿದ್ಧ ಕಥೆ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದು, ಎಷ್ಟೋ ಮಕ್ಕಳಿಗೆ ಅದೇ ಮೊದಲ ಸಾಹಸ ಕಥೆಯಾಯಿತು. ಇದೇ ಮಿಶನ್ನಿನ ಫರ್ಡಿನಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ತಂದರು. ಕ್ರಿಸ್ತನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿಗೇ ಒಗ್ಗಿಸಿ ಹಾಡುವಂತೆ ಮಾಡಿದ ಕೃತಿ ಅದು. ಜರ್ಮನ್ ಧಾಟಿಗೆ ಕನ್ನಡ ಮಾತನ್ನು ಹೊಂದಿಸುವಾಗ ದೀರ್ಘ ಬರಬೇಕಾದಲ್ಲಿ ಹ್ರಸ್ವ ಬಂದು ಕಿವಿಗೆ ಚುಚ್ಚುತ್ತದೆ. 1894ರಲ್ಲಿ ಕನ್ನಡದ ನಿಘಂಟು ಮುಗಿಸಿದ ಆ ಮಹಾನುಭಾವರಿಗೆ ಅದು ತಿಳಿಯದೆ ಇರಲಿಲ್ಲ. ಆದರೂ ನಾಲ್ಕು ಧ್ವನಿಯಲ್ಲಿ ಹಾಡುವ ಜರ್ಮನ್ ಧಾಟಿಗಳೇ ಜನರಿಗೆ ಪ್ರಿಯವಾದವು. ಹಂಚಿನ ಕಾರ್ಖಾನೆಯಲ್ಲಿ ದುಡಿದು ಬಂದವರೂ ಮಂದ್ರದ ಭಾಗವನ್ನು ಪುಸ್ತಕವಿಲ್ಲದೆ ಹಾಡುತ್ತಿದ್ದರು.

ಪಕ್ಕದ ಕೊಂಕಣಿ ಕಥೊಲಿಕ್ ಮನೆಯ ಸಂಜೆ ಬೇರೆ ಬಗೆಯದು. ಅಲ್ಲಿ ತೇರ್ಸ್, ಅಂದರೆ ಜಪಸರ. ಮಣಿ ಎಣಿಸುತ್ತ ಒಬ್ಬರು ಅರ್ಧ ಹೇಳಿದರೆ ಉಳಿದವರು ಅರ್ಧ ಹೇಳುತ್ತಾರೆ, ಪುಸ್ತಕ ಬೇಡ. ಓದು ಅವರ ಮನೆಗೆ ಪತ್ರಿಕೆಯ ದಾರಿಯಲ್ಲಿ ಬಂತು. 1912ರಲ್ಲಿ ಲೂಯಿಸ್ ಮಸ್ಕರೇನ್ಹಸ್ ‘ದಿರ್ವೆಂ’ ಶುರು ಮಾಡಿದರು. 1938ರಿಂದ ‘ರಾಕ್ಣೊ’ ವಾರವಾರ ಮನೆಬಾಗಿಲಿಗೆ ಬರತೊಡಗಿತು. ಎರಡೂ ಕನ್ನಡ ಲಿಪಿಯ ಕೊಂಕಣಿ ಪತ್ರಿಕೆಗಳು.

ಬಾಸೆಲ್ ಮಿಶನ್ನಿನ ಶಿಸ್ತು ಕಟುವಾದದ್ದೂ ಹೌದು. ಕೋಲಕ್ಕೆ, ಜಾತ್ರೆಗೆ ಹೋದವರು ಸಭೆಯ ಮುಂದೆ ಉತ್ತರ ಕೊಡಬೇಕಿತ್ತು. ಅಜ್ಜಂದಿರ ಕಾಲದ ಪಾಡ್ದನಗಳು ಆ ಮನೆಗಳ ನಾಲಿಗೆಯಿಂದ ಒಂದೆರಡು ತಲೆಮಾರಿನಲ್ಲಿ ಅಳಿದವು. ಅದು ಹಾಗಾಗಬಾರದಿತ್ತು. ಆದರೆ ಇದೇ ಮಿಶನ್ನಿನ ಮಡಿಲಲ್ಲಿ ಓದು ಕಲಿತವರಲ್ಲಿ ಗೋಡೆಯಾಚೆ ಕೈ ಚಾಚಿದವರೂ ಇದ್ದರು. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒಂದು ಪುಸ್ತಕವನ್ನು ಮನಸಾರೆ ಓದಿದವರಿಗೆ ಇನ್ನೊಬ್ಬರ ವಚನದ ಬೆಲೆಯೂ ಗೊತ್ತಾಗುತ್ತದೆ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ನನಗೆ ಬೇಡ.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟು ಊರಿಗೆ ಕಳಿಸಿತು, ಕಾರ್ಖಾನೆಗಳು ಕೈ ಬದಲಾದವು. ಚಾವಡಿಯ ಪ್ರಾರ್ಥನೆಗೆ ಮಾತ್ರ ಏನೂ ಆಗಲಿಲ್ಲ, ಅದಕ್ಕೆ ಪಾದ್ರಿ ಬೇಕಿರಲಿಲ್ಲ.

ಈಗಿನ ತೊಂದರೆ ಬೇರೆ. ಏಳೂವರೆಗೆ ಧಾರಾವಾಹಿ, ಎಂಟಕ್ಕೆ ಟ್ಯೂಷನ್ ಮುಗಿಸಿ ಬರುವ ಮಕ್ಕಳು. ಇಂಗ್ಲಿಷ್ ಮೀಡಿಯಮ್ಮಿನ ಮೊಮ್ಮಗನಿಗೆ ಕನ್ನಡದ ಒತ್ತಕ್ಷರ ತೊಡರುತ್ತದೆ, ಅವನು ಫೋನಿನಲ್ಲಿ ಇಂಗ್ಲಿಷ್ ಬೈಬಲ್ ತೆರೆಯುತ್ತಾನೆ. ಮಗಳು ದುಬೈಯಲ್ಲಿ, ಅಲ್ಲಿ ಗಡಿಯಾರ ಒಂದೂವರೆ ಗಂಟೆ ಹಿಂದೆ. ಅವಳು ಕೆಲಸದಿಂದ ಬರಲಿ ಎಂದು ಎಷ್ಟೋ ಮನೆಗಳಲ್ಲಿ ಪ್ರಾರ್ಥನೆಯ ಹೊತ್ತನ್ನೇ ಒಂಬತ್ತಕ್ಕೆ ಸರಿಸಿದ್ದಾರೆ. ವಿಡಿಯೊ ಕರೆಯಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ಹಾಡಲು ಬರುವುದಿಲ್ಲ. ಅದಕ್ಕೆ ಅಲ್ಲಿಯವರು ಒಂದು ಚರಣ ಹಾಡಿದರೆ ಇಲ್ಲಿಯವರು ಮುಂದಿನದು. ಓದು ಹೇಗೂ ಸರದಿಯದು, ಅದಕ್ಕೆ ತೊಂದರೆಯಿಲ್ಲ.

ನನ್ನ ಚಿಂತೆ ಹಳೆಯ ಪ್ರತಿಗಳದ್ದು. ಹಳೇ ಮನೆ ಕೆಡವಿ ಫ್ಲ್ಯಾಟಿಗೆ ಹೋಗುವಾಗ ಗೆದ್ದಲು ಹತ್ತಿದ ಸತ್ಯವೇದವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಹೂಳುವವರಿದ್ದಾರೆ, ಸುಡುವವರಿದ್ದಾರೆ. ದಯವಿಟ್ಟು ಮೊದಲು ರಟ್ಟಿನ ಒಳಪುಟದ ಫೋಟೊ ತೆಗೆದಿಡಿ. ಸಾಧ್ಯವಾದರೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಹೋಗಿ ವಿಚಾರಿಸಿ. ಅಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಪುಸ್ತಕ, ಕಾಗದಪತ್ರಗಳನ್ನು ಕಾಪಾಡುತ್ತ ಬಂದಿದ್ದಾರೆ. ಸಭೆಯ ದಫ್ತರದಲ್ಲಿ ಸ್ನಾನದೀಕ್ಷೆಯ ದಿನ ಸಿಗಬಹುದು. ಕೂಸು ನಡುರಾತ್ರಿ ಹುಟ್ಟಿತೆಂದೂ ಆ ದಿನ ಜೋರು ಮಳೆಯಿತ್ತೆಂದೂ ಮುತ್ತಜ್ಜ ಬರೆದಿಟ್ಟಿರುವುದು ಆ ಒಳಪುಟದಲ್ಲಿ ಮಾತ್ರ.