ಬಾಡಿಗೆ ಇಲ್ಲದ ಅತಿಥಿಗಳು

ಹಾಸಿಗೆ, ಒಲೆ, ಕಕ್ಕಸು, ನೀರಿನ ಟಾಂಕಿ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಒಂದು ಗಾಡಿ. ಅದರಲ್ಲಿ ಗಂಡ ಹೆಂಡತಿ. "ಇವತ್ತು ರಾತ್ರಿ ನಿಮ್ಮ ತೋಟದ ಬದಿಯಲ್ಲಿ ಗಾಡಿ ನಿಲ್ಲಿಸ್ಬಹುದಾ?" ಎಂದು ಕೇಳುತ್ತಾರೆ. ಬಾಡಿಗೆ ಕೊಡುವುದಿಲ್ಲ, ಊಟ ಕೇಳುವುದಿಲ್ಲ. ಬೆಳಗ್ಗೆ ಎದ್ದು ಹೋಗುತ್ತಾರೆ. ಹೋಗುವಾಗ ನೀವು ಬೆಳೆದದ್ದೇನಾದರೂ ಕೊಳ್ಳುತ್ತಾರೆ. ಆಗಬಹುದೋ?

ಇದರಲ್ಲಿ ಕೃಷಿಕನಿಗೆ ಏನು ಲಾಭ ಎಂದು ಕೇಳುವವರು ಮುಂದೆ ಓದಬೇಕು. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು, ಚೀಸ್ ಮಾಡುವವರು, ಜೇನು ಸಾಕುವವರು ಇದಕ್ಕೆ 1993ರಿಂದಲೇ ಹೂಂ ಎನ್ನುತ್ತಾ ಬಂದಿದ್ದಾರೆ. ಅಲ್ಲಿನ ವ್ಯವಸ್ಥೆಯ ಹೆಸರು 'ಫ್ರಾನ್ಸ್ ಪ್ಯಾಶನ್'. ಪ್ರವಾಸಿ ವರ್ಷಕ್ಕೊಮ್ಮೆ ಅದರ ಕೈಪಿಡಿ ಕೊಳ್ಳುತ್ತಾನೆ. ಜತೆಗೆ ಬರುವ ಆ ವರ್ಷದ ಚೀಟಿಯನ್ನು ಗಾಡಿಯ ಗಾಜಿಗೆ ಅಂಟಿಸುತ್ತಾನೆ. ಚೀಟಿ ಇದ್ದವನಿಗೆ 24 ಗಂಟೆ ಜಾಗ. ಕೊಳ್ಳಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಅಮೆರಿಕದಲ್ಲಿ 2009ರಲ್ಲಿ ಡಾನ್ ಮತ್ತು ಕಿಮ್ ಗ್ರೀನ್ ಎಂಬ ದಂಪತಿ 'ಹಾರ್ವೆಸ್ಟ್ ಹೋಸ್ಟ್ಸ್' ಆರಂಭಿಸಿದರು. ಇಂಗ್ಲೆಂಡಿನಲ್ಲಿ 2011ರಲ್ಲಿ 'ಬ್ರಿಟ್ ಸ್ಟಾಪ್ಸ್' ಬಂತು. ಕೆನಡಾದ ತಾಯಿ ಮಗಳು ಇಬ್ಬರು 2012ರಲ್ಲಿ ಶುರು ಮಾಡಿದ 'ಬೂನ್‌ಡಾಕರ್ಸ್ ವೆಲ್‌ಕಮ್' ಸಾಮಾನ್ಯ ಮನೆಯಂಗಳಗಳನ್ನೂ ಸೇರಿಸಿಕೊಂಡಿತು. 2021ರಲ್ಲಿ ಅದು ಹಾರ್ವೆಸ್ಟ್ ಹೋಸ್ಟ್ಸ್ ಪಾಲಾಯಿತು.

ಕಣ್ಣಾರೆ ಕಂಡದ್ದು

ನನ್ನ ಮಗಳು ಅಳಿಯ ಇರುವುದು ಕ್ಯಾಲಿಫೋರ್ನಿಯಾದಲ್ಲಿ. 2024ರ ಮೇ ತಿಂಗಳಲ್ಲಿ ನಾನೂ ಮನೆಯಾಕೆಯೂ ಹೋಗಿದ್ದೆವು. "ಮಾವ, ನಿಮಗೆ ಊರು ನೋಡುವುದಕ್ಕಿಂತ ತೋಟ ನೋಡುವುದೇ ಖುಷಿ ಅಲ್ವಾ?" ಎಂದು ಅಳಿಯ ಇಂಥದೊಂದು ಗಾಡಿ ಬಾಡಿಗೆಗೆ ತಂದ. ಅಲ್ಲಿ ಅದನ್ನು ಆರ್‌ವಿ ಎನ್ನುತ್ತಾರೆ. ನಮ್ಮ ಮಿನಿ ಬಸ್ಸಿನಷ್ಟು ಉದ್ದ. ನಾಲ್ಕು ಜನ ಮಲಗಬಹುದು.

ಮೊದಲ ರಾತ್ರಿ ಲೋಡೈ ಎಂಬ ಊರಿನ ಬಳಿ ಒಂದು ಸಣ್ಣ ವೈನರಿಯಲ್ಲಿ. ಮರಳು ಮಿಶ್ರಿತ ಮಣ್ಣು. ದ್ರಾಕ್ಷಿ ಹೂ ಬಿಡುವ ಹೊತ್ತು. ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ತೊಡೆಗಾತ್ರದ ಕಾಂಡ, ಅದರ ತಲೆಯಲ್ಲಿ ಕೊಡೆಯಂತೆ ಹರಡಿದ ಚಿಗುರು. ಈ ಪ್ರದೇಶದಲ್ಲಿ 1880ರ ದಶಕದಲ್ಲಿ ನೆಟ್ಟ ಬಳ್ಳಿಗಳು ಇಂದಿಗೂ ಫಸಲು ಕೊಡುತ್ತವೆ. ದ್ರಾಕ್ಷಿಯ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಕೀಟಕ್ಕೆ ಮರಳು ಮಣ್ಣು ಆಗಿಬರುವುದಿಲ್ಲ. ಹಾಗಾಗಿ ಕಸಿ ಕಟ್ಟದೆಯೂ ಇಷ್ಟು ಕಾಲ ಬಾಳಿವೆ.

ನಮಗೆ ವೈನ್ ಅಭ್ಯಾಸವಿಲ್ಲ. ಅದನ್ನು ಮೊದಲೇ ಹೇಳಿದೆವು. ಯಜಮಾನ ನಕ್ಕು ದ್ರಾಕ್ಷಿ ರಸದ ಬಾಟ್ಲಿ ತೋರಿಸಿದ. ಅಳಿಯ ಸ್ನೇಹಿತರಿಗೆಂದು ಎರಡು ಬಾಟ್ಲಿ ವೈನ್ ಕೊಂಡ.

ಯಜಮಾನನಿಗೆ ಗಿಟ್ಟುವುದು ಹೇಗೆ?

ನಾನು ಕೇಳಿದ್ದು ಇದನ್ನೇ. ಅವನು ಹೇಳಿದ ಲೆಕ್ಕ ನಮ್ಮ ಅಡಿಕೆ ಮಂಡಿಯ ಲೆಕ್ಕದ ಹಾಗೆಯೇ ಇತ್ತು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋದ ಮೇಲೆ ಮದ್ಯ ಮಾರಾಟಕ್ಕೆ ಮೂರು ಮೆಟ್ಟಿಲು ಬಂತು: ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ. ಪ್ರತಿ ಮೆಟ್ಟಿಲಲ್ಲೂ ಒಬ್ಬ ತನ್ನ ಪಾಲು ತೆಗೆಯುತ್ತಾನೆ. ಆದರೆ ಕ್ಯಾಲಿಫೋರ್ನಿಯಾದ ವೈನರಿ ತನ್ನ ಬಾಗಿಲಲ್ಲೇ ಗಿರಾಕಿಗೆ ಮಾರಬಹುದು. ಅಲ್ಲಿ ಮಾರಿದ ಬಾಟ್ಲಿಯ ಪೂರ್ತಿ ಹಣ ಅವನದ್ದೇ. ದೊಡ್ಡ ಕಂಪೆನಿಗೆ ಜಾಹೀರಾತು ಉಂಟು. ಸಣ್ಣವನಿಗೆ? ಬಾಗಿಲಿಗೆ ಜನ ಬರಬೇಕು. ಖಾಲಿ ಬಿದ್ದ ಜಾಗದಲ್ಲಿ ಗಾಡಿ ನಿಲ್ಲಲು ಬಿಟ್ಟರೆ ಜನ ತಾವಾಗಿ ಬರುತ್ತಾರೆ. ಪಟ್ಟಿಗೆ ಸೇರಲು ಕೃಷಿಕ ಶುಲ್ಕ ಕೊಡಬೇಕಿಲ್ಲ. ಸದಸ್ಯತ್ವದ ಹಣ ಪ್ರವಾಸಿಯ ಕಿಸೆಯಿಂದ.

ಬಾಡಿಗೆ ಪಡೆದರೆ ಆಗದೇ? "ಬಾಡಿಗೆ ಕೊಟ್ಟವನು ಹಕ್ಕು ಕೇಳ್ತಾನೆ. ಬಿಸಿನೀರಿಲ್ಲ, ಲೈಟಿಲ್ಲ ಅಂತ ತಕರಾರು. ಪುಕ್ಕಟೆ ನಿಂತವನು ಅತಿಥಿ. ಅವನು ನಾಚಿಕೆಗಾದರೂ ಒಂದು ಬಾಟ್ಲಿ ಕೊಳ್ತಾನೆ," ಎಂದ. ಮಾತು ಹೌದಲ್ವಾ ಮಾರಾಯ್ರೆ!

ಕಟ್ಟುನಿಟ್ಟು ಇಲ್ಲದೆ ನಡೆಯದು

ಅಲ್ಲಿ ಪಾಲಿಸುವ ಮುಖ್ಯ ನಿಯಮಗಳು ಇವು:

* ಮುಂಚಿತವಾಗಿ ಕೇಳಿ, ಒಪ್ಪಿಗೆ ಸಿಕ್ಕ ಮೇಲೆಯೇ ಬರಬೇಕು.
* ಕಕ್ಕಸು, ನೀರು, ಅಡುಗೆ ಎಲ್ಲ ಗಾಡಿಯೊಳಗೇ ಇರಬೇಕು. ಡೇರೆ ಹೊಡೆಯುವಂತಿಲ್ಲ.
* ಸಾಮಾನ್ಯವಾಗಿ ಒಂದೇ ರಾತ್ರಿ. ಹೆಚ್ಚು ಬೇಕಾದರೆ ಯಜಮಾನ ಒಪ್ಪಬೇಕು.
* ಕೇಳದೆ ಜನರೇಟರ್ ಹಾಕುವಂತಿಲ್ಲ. ನಾಯಿ ಹಗ್ಗದಲ್ಲಿರಬೇಕು.
* ಕಸವಾಗಲಿ ಕೊಳೆನೀರಾಗಲಿ ಅಲ್ಲಿ ಬಿಡುವಂತಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಗಾಡಿಯಲ್ಲಿ ಮೂರು ಟಾಂಕಿ. ಒಂದು ಶುದ್ಧ ನೀರಿಗೆ, ಇನ್ನೊಂದು ಪಾತ್ರೆ ತೊಳೆದ, ಸ್ನಾನದ ನೀರಿಗೆ, ಮತ್ತೊಂದು ಕಕ್ಕಸಿಗೆ. ಕೊಳೆಯ ಟಾಂಕಿಗಳನ್ನು ಖಾಲಿ ಮಾಡಲು ದಾರಿಯುದ್ದಕ್ಕೂ ಬೇರೆ ಜಾಗಗಳಿವೆ. ಗಾಡಿಯ ಅಡಿಗೆ ದಪ್ಪ ಪೈಪು ಸಿಕ್ಕಿಸಿ ನೇರ ಒಳಚರಂಡಿಗೆ ಬಿಡುವ ವ್ಯವಸ್ಥೆ. ಇದೊಂದು ಇಲ್ಲದಿದ್ದರೆ ಉಳಿದದ್ದೆಲ್ಲ ನಡೆಯುವುದೇ ಇಲ್ಲ.

ಎರಡನೇ ರಾತ್ರಿ ಉತ್ತರದ ಕಾರ್ನಿಂಗ್ ಬಳಿ ಆಲಿವ್ ತೋಟದಲ್ಲಿ ನಿಂತೆವು. ಅಲ್ಲಿನ ಹೆಂಗಸು ಹೇಳಿದ್ದು: ಹಿಂದೊಮ್ಮೆ ಬಂದವನೊಬ್ಬ ಸಾಬೂನು ನೀರನ್ನು ರಾತ್ರಿ ಸದ್ದಿಲ್ಲದೆ ಮರದ ಬುಡಕ್ಕೆ ಬಿಟ್ಟಿದ್ದನಂತೆ. ಆಮೇಲೆ ಆಕೆ ಆರು ತಿಂಗಳು ಯಾರನ್ನೂ ಸೇರಿಸಲಿಲ್ಲ. ಈಗ ಎರಡೇ ಗಾಡಿಗೆ ಜಾಗ, ಅದೂ ಮನೆಯ ಕಿಟಕಿಗೆ ಕಾಣುವಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ಪೂರ್ತಿ ಬಂದ್. ವಿಮೆ ಕಂಪೆನಿಗೆ ಮೊದಲೇ ತಿಳಿಸಿದ್ದಾಳೆ, ಏಕೆಂದರೆ ಬಂದವನು ಎಡವಿ ಬಿದ್ದರೂ ಕೇಸು ಹಾಕುವ ದೇಶ ಅದು. ನಾವು ಎರಡು ಬಾಟ್ಲಿ ಆಲಿವ್ ಎಣ್ಣೆ ಕೊಂಡೆವು.

ನನ್ನ ಮನೆಯಾಕೆ ಅಲ್ಲಿ ಹೇಳಿದ ಒಂದು ಮಾತು ನನಗೆ ನಾಟಿತು. "ನಮ್ಮಲ್ಲಿ ಹೋಂಸ್ಟೇ ಅಂದ್ರೆ ಅಡುಗೆ, ಹಾಸಿಗೆ ಒಗೆಯುವುದು, ಕಕ್ಕಸು ತೊಳೆಯುವುದು ಎಲ್ಲ ಹೆಂಗಸರ ತಲೆಗೆ. ಇಲ್ಲಿ ಇವಳು ಎಣ್ಣೆ ಮಾರಿ ಬಾಗಿಲು ಹಾಕ್ಕೊಂಡು ಮಲಗಿದ್ಳು ನೋಡಿ!"

ನಮ್ಮಲ್ಲಿ ಆದೀತೇ?

ನನ್ನ ತೋಟದಲ್ಲಿ ಅಡಿಕೆಗೆ ಹಳದಿ ರೋಗ ಹತ್ತಿ ಹತ್ತು ವರ್ಷವಾಯಿತು. ಮಗ ಸಾಲ ತೆಗೆದು ಹೋಂಸ್ಟೇ ಕಟ್ಟುವ ಅಂತ ಹೇಳುತ್ತಿದ್ದಾನೆ. ಹಾಗಾಗಿ ಇದು ನನಗೆ ಬರೇ ಕುತೂಹಲದ ವಿಷಯವಲ್ಲ.

ಇದ್ದದ್ದನ್ನು ಇದ್ದಹಾಗೆ ಹೇಳಬೇಕು. ನಮ್ಮ ದೇಶದಲ್ಲಿ ಇಂಥ ಗಾಡಿಗಳು ತೀರಾ ಕಡಿಮೆ. ನಮ್ಮ ತೋಟದ ದಾರಿಯಲ್ಲಿ ಜೀಪು ತಿರುಗಿಸಲಿಕ್ಕೇ ಕಷ್ಟ. ಮಳೆಗಾಲದ ನಾಲ್ಕು ತಿಂಗಳು ಚಕ್ರ ಹೂತುಹೋದೀತು. ಕೊಳೆ ಟಾಂಕಿ ಖಾಲಿ ಮಾಡುವ ಜಾಗ ದಾರಿಯಲ್ಲಿ ಸಿಗದಿದ್ದರೆ ಅದು ನಮ್ಮ ತೋಡಿಗೇ ಬಂದೀತು. ನೆರೆಯ ಕೇರಳ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಆದರೆ ಅದರಲ್ಲಿರುವುದು ಕಾರವಾನ್ ಪಾರ್ಕ್. ಅದಕ್ಕೆ ಕನಿಷ್ಠ 50 ಸೆಂಟ್ಸ್ ಜಾಗ ಬೇಕು, ಐದು ಗಾಡಿ ನಿಲ್ಲುವ ಅನುಕೂಲ ಬೇಕು. ಬಂಡವಾಳ ಇದ್ದವರ ಕೆಲಸ ಅದು. ಅಂಗಳದ ಮೂಲೆಯಲ್ಲಿ ಒಂದು ಗಾಡಿಗೆ ಜಾಗ ಕೊಡುವ ಕೃಷಿಕನದ್ದಲ್ಲ.

ಆದರೆ ಗಾಡಿಯನ್ನು ಬದಿಗಿಟ್ಟು ಒಳಗಿನ ತತ್ವ ನೋಡಿ. ಖಾಲಿ ಜಾಗವನ್ನು ಬಾಡಿಗೆಗೆ ಕೊಡುವುದಲ್ಲ, ಅದರಿಂದ ಗಿರಾಕಿಯನ್ನು ತೋಟಕ್ಕೆ ಕರೆಸುವುದು. ನಮ್ಮ ಊರ ರಸ್ತೆಯಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುವ ಕಾರುಗಳಿಗೆ ಲೆಕ್ಕವಿಲ್ಲ. ಅವರಿಗೆ ಬೇಕಾದದ್ದು ನೆರಳು, ಶುದ್ಧ ಕಕ್ಕಸು, ಬುತ್ತಿ ಬಿಚ್ಚಲು ಒಂದು ಜಗಲಿ. ಅದನ್ನು ಪುಕ್ಕಟೆ ಕೊಟ್ಟು ಬದಿಯಲ್ಲೇ ಜೇನು, ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತು ಇಟ್ಟರೆ ಹೇಗೆ? ಹೋಂಸ್ಟೇ ಕಟ್ಟುವ ಸಾಲದ ಸಣ್ಣ ತುಂಡಿನಲ್ಲಿ ಇದಾಗುತ್ತದೆ. ಗಿಟ್ಟದಿದ್ದರೆ ಜಗಲಿ ಅಡಿಕೆ ಸುಲಿಯಲಿಕ್ಕಾದರೂ ಉಳಿಯುತ್ತದೆ.

ಶುರು ಮಾಡುವವರು ಎರಡು ವಿಷಯ ನೆನಪಿಡಿ. ತಿನ್ನುವ ವಸ್ತು ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕು. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸುವಾಗ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡ್ಡ ಬರುತ್ತದೆಯೇ ಎಂದು ತಾಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಮಗನ ಹತ್ತಿರ ಒಂದು ವರ್ಷ ಕೇಳಿಕೊಂಡಿದ್ದೇನೆ. ಈ ಬೇಸಿಗೆ ಜಗಲಿ, ಮುಂದಿನ ಬೇಸಿಗೆಗೆ ಲೆಕ್ಕ ಪುಸ್ತಕ ನೋಡಿ ಹೋಂಸ್ಟೇ ಮಾತು. ಈಗಾಗಲೇ ರಸ್ತೆ ಬದಿಯ ತೋಟದಲ್ಲಿ ಇಂಥದ್ದು ಮಾಡಿ ನೋಡಿದವರಿದ್ದರೆ, ಲಾಭವಾಗಲಿ ನಷ್ಟವಾಗಲಿ, ಅಂಕಿಅಂಶ ಸಹಿತ ಪತ್ರಿಕೆಗೆ ಬರೆಯಿರಿ. ನನ್ನಂಥವರಿಗೆ ಅದರಿಂದ ಉಪಕಾರವಾದೀತು.