ಮಿಸ್ ಮೆಕ್ಲೌಡ್ ರೀಲ್‌ನ ಜಾಡು ಹಿಡಿದು

ಐರ್ಲೆಂಡಿನ ಕುಣಿತದ ಮಟ್ಟುಗಳಲ್ಲಿ ರೀಲ್‌ಗಳದೇ ಮೇಲುಗೈ. ರೀಲ್ ಎಂದರೆ ಚಿಕ್ಕ ಮಟ್ಟು. ಸಾಮಾನ್ಯವಾಗಿ ಎಂಟೆಂಟು ಆವರ್ತಗಳ ಎರಡು ಭಾಗ, ಎರಡನ್ನೂ ಮರಳಿ ನುಡಿಸಿದರೆ 32 ಆವರ್ತ; ಒಂದೊಂದರಲ್ಲೂ ಓಡುನಡೆಯ ಎಂಟು ಸ್ವರ. ಪಿಟೀಲು, ಕೊಳಲು, ಅಕಾರ್ಡಿಯನ್ ಅಥವಾ ತೋಳಿನಿಂದ ಗಾಳಿ ಒತ್ತಿ ನುಡಿಸುವ ಇಲಿಯನ್ ಪೈಪ್ಸ್‌ನಲ್ಲಿ ಇದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಇಷ್ಟು ಚಿಕ್ಕದರ ಮೂಲ ಹುಡುಕಹೊರಟವರಿಗೆ ದಾರಿ ಬಹಳ ಉದ್ದ. ಕಿವಿಯಿಂದ ಕಿವಿಗೆ ಸಾಗಿಬಂದ ಸಂಗೀತ ಇದು. ಒಂದೇ ಮಟ್ಟಿಗೆ ಊರಿಗೊಂದು ಹೆಸರು ಇರುವುದುಂಟು, ಒಂದೇ ಹೆಸರಿನಲ್ಲಿ ಸಂಬಂಧವೇ ಇಲ್ಲದ ನಾಲ್ಕು ಮಟ್ಟುಗಳಿರುವುದೂ ಉಂಟು. ಹೀಗಾಗಿ ಹುಡುಕುವವರು ಹೆಸರನ್ನು ನಂಬುವುದಿಲ್ಲ, ಸ್ವರಗಳನ್ನು ನಂಬುತ್ತಾರೆ.

‘ಮಿಸ್ ಮೆಕ್ಲೌಡ್ಸ್ ರೀಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಐರ್ಲೆಂಡಿನಲ್ಲಿ ಪಿಟೀಲು ಕಲಿಯುವ ಮಕ್ಕಳ ಕೈಗೂ ಬೇಗನೆ ಬರುವ ಮಟ್ಟು ಇದು. ಆಧಾರ ಷಡ್ಜವನ್ನು ‘ಸ’ ಎಂದಿಟ್ಟುಕೊಂಡರೆ ಮೊದಲ ಆವರ್ತ ಸ–ಗ–ಸ ಎಂದು ಹೊರಟು, ಮಂದ್ರದ ‘ಪ’ಕ್ಕೆ ಇಳಿದು, ಮತ್ತೆ ಸ–ಗ–ಸ ಎನ್ನುತ್ತದೆ. ಎರಡನೆಯ ಆವರ್ತ ಗಾಂಧಾರದ ಸುತ್ತಲೇ ಸುಳಿಯುತ್ತದೆ. ಸ್ವಾರಸ್ಯ ಇರುವುದು ನಾಲ್ಕನೆಯದರಲ್ಲಿ. ಅಲ್ಲಿ ಮಟ್ಟು ಷಡ್ಜಕ್ಕೆ ಬಂದು ನಿಲ್ಲದೆ ರಿಷಭದಲ್ಲೇ ತೂಗಾಡುತ್ತದೆ. ನಿಲ್ಲಲು ತಾಣವಿಲ್ಲದ್ದರಿಂದ ನುಡಿಸುವವರು ಮತ್ತೆ ಆರಂಭಕ್ಕೇ ಮರಳಬೇಕಾಗುತ್ತದೆ. ಕುಣಿಯುವವರ ಕಾಲು ನಿಲ್ಲದಂತೆ ನೋಡಿಕೊಳ್ಳುವ ಉಪಾಯ ಇದಕ್ಕಿಂತ ಸರಳವಾಗಿರಲಾರದು. ಹೆಸರು ಏನೇ ಬದಲಾಗಲಿ, ಈ ಗುರುತಿನಿಂದ ಮಟ್ಟನ್ನು ಪತ್ತೆಹಚ್ಚಬಹುದು.

ಐರ್ಲೆಂಡಿನ ಈ ಮಟ್ಟಿನ ಅಚ್ಚಿನ ಜಾಡು ಹೋಗಿ ಮುಟ್ಟುವುದು ಸ್ಕಾಟ್ಲೆಂಡನ್ನು. ಎಡಿನ್‌ಬರೋದಲ್ಲಿ 1809ರಲ್ಲಿ ಪ್ರಕಟವಾದ ನೀಲ್ ಗೌ ಮತ್ತು ಮಕ್ಕಳ ಐದನೆಯ ಸಂಗ್ರಹದಲ್ಲಿ ಇದು ‘ಮಿಸೆಸ್ ಮೆಕ್ಲೌಡ್ ಆಫ್ ರಾಸೇ’ ಎಂಬ ಹೆಸರಿನಲ್ಲಿದೆ. ಇದು ಸ್ಕೈ ದ್ವೀಪದ ರೀಲ್, ಒಬ್ಬ ಮೆಕ್ಲೌಡ್ ಅವರಿಂದ ಬಂದದ್ದು ಎಂಬ ಟಿಪ್ಪಣಿಯೂ ಜೊತೆಗಿದೆ. ಪ್ರಸಿದ್ಧ ಪಿಟೀಲುವಾದಕ ನೀಲ್ ಗೌ ಅಷ್ಟರಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ರಾಸೇ ಎಂಬುದು ಸ್ಕೈಗೆ ಅಂಟಿಕೊಂಡಂತಿರುವ ಪುಟ್ಟ ದ್ವೀಪ. 1773ರಲ್ಲಿ ಅಲ್ಲಿಗೆ ಇಂಗ್ಲಿಷ್ ಸಾಹಿತಿ ಡಾ. ಜಾನ್ಸನ್ ಜೊತೆ ಹೋಗಿದ್ದ ಲೇಖಕ ಜೇಮ್ಸ್ ಬಾಸ್ವೆಲ್, ಮೆಕ್ಲೌಡ್ ಮನೆಯಲ್ಲಿ ರಾತ್ರಿ ನಡೆಯುತ್ತಿದ್ದ ಕುಣಿತವನ್ನು ದಾಖಲಿಸಿದ್ದಾನೆ. ಅಲ್ಲಿನ ಬೆಟ್ಟದ ತುದಿಯಲ್ಲಿ ತಾನೂ ಒಂದು ರೀಲ್ ಕುಣಿದದ್ದನ್ನು ಬರೆದಿದ್ದಾನೆ. ಯಜಮಾನನಿಗೆ ಹತ್ತು ಹೆಣ್ಣುಮಕ್ಕಳಿದ್ದರೆಂದೂ ಅವನೇ ಹೇಳುತ್ತಾನೆ. ಇದನ್ನು ಹಿಡಿದು ‘ಮಿಸೆಸ್’ ಹೇಗೆ ‘ಮಿಸ್’ ಆದಳು ಎಂದು ಕಥೆ ಕಟ್ಟುವುದು ಸುಲಭ. ಆದರೆ ಕಥೆ ಆಧಾರವಾಗುವುದಿಲ್ಲ.

ಜಾಡು ಹಿಡಿಯುವವರು ಮೊದಲು ಎಡವುವುದು ಇಂಥ ಕಡೆಯೇ. 1809 ಎಂಬುದು ಮಟ್ಟು ಹುಟ್ಟಿದ ವರ್ಷವಲ್ಲ. ಅಷ್ಟರೊಳಗೆ ಅದು ಹುಟ್ಟಿ ಬೆಳೆದಿತ್ತು ಎಂಬುದಕ್ಕೆ ಸಾಕ್ಷಿ, ಅಷ್ಟೇ. ಅಚ್ಚು ಹಾಕಿದವನು ಮಟ್ಟು ಕಟ್ಟಿದವನೆಂದೂ ಅಲ್ಲ.

ಮುಂದಿನ ದೊಡ್ಡ ನಿಲ್ದಾಣ ಷಿಕಾಗೊ. ಐರ್ಲೆಂಡಿನ ಕಾರ್ಕ್ ಕೌಂಟಿಯ ಬ್ಯಾಂಟ್ರಿ ಬಳಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓನೀಲ್ 1901ರಿಂದ 1905ರವರೆಗೆ ಆ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ. ವಲಸೆ ಬಂದ ಐರಿಷ್ ವಾದಕರನ್ನು ಹುಡುಕಿ ಅವರ ಮಟ್ಟುಗಳನ್ನು ಸೇರಿಸುವುದು ಅವನ ಹುಚ್ಚು. ಅವನಿಗೆ ಸ್ವರಲಿಪಿ ಬರೆಯುವ ರೂಢಿ ಇರಲಿಲ್ಲ. ಬರೆದುಕೊಟ್ಟವನು ಅದೇ ಇಲಾಖೆಯ ಜೇಮ್ಸ್ ಓನೀಲ್. 1903ರ ‘ಮ್ಯೂಸಿಕ್ ಆಫ್ ಐರ್ಲೆಂಡ್’ನಲ್ಲಿ 1850 ಮಟ್ಟುಗಳಿವೆ, 1907ರ ‘ಡಾನ್ಸ್ ಮ್ಯೂಸಿಕ್ ಆಫ್ ಐರ್ಲೆಂಡ್’ನಲ್ಲಿ 1001. ವಾದಕರು ಎರಡನೆಯದನ್ನು ಸುಮ್ಮನೆ ‘ದ ಬುಕ್’ ಎಂದೇ ಕರೆಯುವ ಮಟ್ಟಿಗೆ ಅದು ಪ್ರಮಾಣವಾಯಿತು. ಮಿಸ್ ಮೆಕ್ಲೌಡ್ ಇವುಗಳಲ್ಲಿ ಸ್ಕಾಟಿಷ್ ಅತಿಥಿಯಂತಿರದೆ ಮನೆಮಗಳಾಗಿಯೇ ಇದ್ದಾಳೆ.

ಅಮೆರಿಕದ ದಕ್ಷಿಣದಲ್ಲಿ ಅದೇ ಮಟ್ಟಿಗೆ ಹಾಡಿನ ಸಾಲುಗಳು ಸೇರಿ ‘ಹಾಪ್ ಹೈ ಲೇಡೀಸ್’ ಆಯಿತು. ‘ಅಂಕಲ್ ಜೋ’ ಎಂಬ ಹೆಸರೂ ಬಂತು. ಬ್ಯಾಂಜೊವಾದಕ ಅಂಕಲ್ ಡೇವ್ ಮೇಕನ್ 1927ರಲ್ಲಿ ಅದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದಾಗ ರಾಸೇಯ ಗೃಹಿಣಿಯ ನೆನಪು ಯಾರಿಗೂ ಉಳಿದಿರಲಿಲ್ಲ.

ಗ್ರಾಮಫೋನ್ ತಟ್ಟೆ ಬಂದ ಮೇಲೆ ಹುಡುಕಾಟದ ರೀತಿಯೇ ಬದಲಾಯಿತು. 1916ರಲ್ಲಿ ನ್ಯೂಯಾರ್ಕಿನ ಅಂಗಡಿಯೊಡತಿ ಎಲೆನ್ ಓಬರ್ನ್ ಡೀವಿಟ್, 500 ಪ್ರತಿ ತಾನೇ ಕೊಳ್ಳುವುದಾಗಿ ಕೊಲಂಬಿಯಾ ಕಂಪನಿಗೆ ಮಾತು ಕೊಟ್ಟು, ಅಕಾರ್ಡಿಯನ್ ಮತ್ತು ಬ್ಯಾಂಜೊದ ಒಂದು ತಟ್ಟೆ ಮಾಡಿಸಿದಳು. ಅದು ಬೇಗನೆ ಮಾರಾಟವಾಗಿಹೋಯಿತು. ಐರಿಷ್ ಸಂಗೀತಕ್ಕೆ ಮಾರುಕಟ್ಟೆ ಇದೆ ಎಂದು ಕಂಪನಿಗಳಿಗೆ ಗೊತ್ತಾದದ್ದು ಹೀಗೆ. ಪುಸ್ತಕ ಸ್ವರಗಳನ್ನಷ್ಟೇ ಹೇಳುತ್ತದೆ. ಕಮಾನಿನ ಎಳೆತ, ಬೆರಳಿನ ಗಮಕ, ಲಯದ ತೂಗು ಕೇಳಿಸುವುದು ತಟ್ಟೆಯಲ್ಲಿ. ಆದರೆ ತಟ್ಟೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಿಮಿಷಕ್ಕೆ 78 ಸುತ್ತಿನ ತಟ್ಟೆಗಳೆಂದರೂ ಎಲ್ಲವೂ ನಿಖರವಾಗಿ ಆ ವೇಗದಲ್ಲಿ ಮುದ್ರಣವಾದವಲ್ಲ. ವೇಗ ಚೂರು ತಪ್ಪಿದರೆ ಶ್ರುತಿಯೇ ತಪ್ಪುತ್ತದೆ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷವೇ ಮಿತಿ. ತಟ್ಟೆಯ ನಡುಭಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಕಂಪನಿಯ ದಾಖಲೆಗಳೊಂದಿಗೆ ಹೋಲಿಸಿದರೆ ಮುದ್ರಣದ ದಿನ ಸಿಗುತ್ತದೆ. ಮೇಲಿನ ಲೇಬಲ್ ನೋಡಿ ಹೆಸರು ನಿರ್ಧರಿಸುವವರು ಮೋಸಹೋಗುವುದೇ ಹೆಚ್ಚು.

ತಟ್ಟೆಯ ಬಲ ಎಷ್ಟೆಂಬುದಕ್ಕೆ ಸ್ಲೈಗೊ ಕೌಂಟಿಯಲ್ಲಿ 1891ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಪಿಟೀಲುವಾದಕ ಮೈಕಲ್ ಕೋಲ್ಮನ್ ಸಾಕ್ಷಿ. ಅವನು 1934ರಲ್ಲಿ ಡೆಕ್ಕಾ ಕಂಪನಿಗೆ ‘ಟಾರ್ಬೋಲ್ಟನ್’, ‘ಲಾಂಗ್‌ಫರ್ಡ್ ಕಲೆಕ್ಟರ್’, ‘ಸೇಲರ್ಸ್ ಬಾನೆಟ್’ ಎಂಬ ಮೂರು ರೀಲ್‌ಗಳನ್ನು ಒಂದರ ಹಿಂದೊಂದು ನುಡಿಸಿದ. ಇಂದಿಗೂ ಒಬ್ಬರು ಮೊದಲನೆಯದನ್ನು ಎತ್ತಿಕೊಂಡರೆ ಸುತ್ತ ಕೂತವರು ಉಳಿದೆರಡಕ್ಕೆ ತಾವಾಗಿಯೇ ಹೊರಳುತ್ತಾರೆ. ಒಬ್ಬನ ಒಂದು ದಿನದ ಆಯ್ಕೆ ಸಂಪ್ರದಾಯವಾಗಿಬಿಟ್ಟಿದೆ. ಇಂಥ ತಟ್ಟೆಗಳು ಸಾಗರ ದಾಟಿ ಐರ್ಲೆಂಡಿಗೆ ಮರಳಿದಾಗ ಹಳ್ಳಿಯ ವಾದಕರು ತಮ್ಮೂರ ಬಾನಿ ಬಿಟ್ಟು ಕೋಲ್ಮನ್ ಬಾನಿ ಹಿಡಿದದ್ದೂ ಉಂಟು. ನಷ್ಟವಾದದ್ದೆಷ್ಟು ಎಂದು ಅಳೆಯಲು ಆ ಹಳೆಯ ಬಾನಿಗಳ ಧ್ವನಿಮುದ್ರಣವೇ ಹೆಚ್ಚಾಗಿ ಇಲ್ಲ.

ಹೆಸರಿನ ಗೋಜಲು ಬಿಡಿಸಲು ವ್ಯವಸ್ಥಿತ ದಾರಿ ಹಾಕಿದವನು ಬ್ರೆಂಡನ್ ಬ್ರೆನಾಕ್. 1963ರಲ್ಲಿ ಕುಣಿತದ ಮಟ್ಟುಗಳ ‘ಕೋಲ್ ರಿಂಕ’ ಮಾಲೆಯ ಮೊದಲ ಸಂಪುಟ ತಂದ ಅವನು, ಮಟ್ಟಿನ ಆರಂಭದಲ್ಲಿ ಪೆಟ್ಟು ಬೀಳುವ ಸ್ವರಗಳಿಗೆ ಅಂಕಿ ಕೊಟ್ಟು ಕಾರ್ಡುಗಳನ್ನು ಜೋಡಿಸಿದ. ಈ ತತ್ತ್ವದಲ್ಲಿ, ‘ಸ’ವನ್ನು ಒಂದೆಂದು ಎಣಿಸಿ ಆವರ್ತಕ್ಕೆ ಎರಡು ಪೆಟ್ಟಿನಂತೆ ಹಿಡಿದರೆ, ಮಿಸ್ ಮೆಕ್ಲೌಡ್ ಒಂದು, ಐದು, ಮೂರು, ಮೂರು ಎಂದು ಶುರುವಾಗುತ್ತದೆ. ‘ಹಾಪ್ ಹೈ ಲೇಡೀಸ್’ ಕೂಡ ಅದರ ಪಕ್ಕದಲ್ಲೇ ಬಂದು ಕೂರುತ್ತದೆ. ಇಂದಿನ ಕಂಪ್ಯೂಟರ್ ಹುಡುಕಾಟವೂ ಸ್ವರಗಳನ್ನು ಅಕ್ಷರಗಳಾಗಿಸಿ ಇದೇ ಕೆಲಸ ಮಾಡುತ್ತದೆ. 1987ರಲ್ಲಿ ಡಬ್ಲಿನ್‌ನಲ್ಲಿ ಆರಂಭವಾದ ಐರಿಷ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್ ತಟ್ಟೆ, ಪುಸ್ತಕ, ಕೈಬರಹಗಳನ್ನೆಲ್ಲ ಒಂದೆಡೆ ಸೇರಿಸಿದೆ. ಹೆಸರು ಪತ್ತೆಯಾಗದ ಮಟ್ಟುಗಳಿಗೂ ಈ ಲೋಕದಲ್ಲಿ ಜಾಗವಿದೆ. ಪಟ್ಟಿಗಳಲ್ಲಿ, ತಟ್ಟೆಯ ಹೊದಿಕೆಗಳಲ್ಲಿ ಅವುಗಳ ಎದುರು ‘ಹೆಸರಿಲ್ಲ’ ಎಂದು ಐರಿಷ್ ಭಾಷೆಯಲ್ಲಿ ಬರೆದು ನುಡಿಸಿದವರ ಹೆಸರನ್ನು ಪಕ್ಕದಲ್ಲಿ ಹಾಕುವುದು ವಾಡಿಕೆ.