ಮೂರು ಮಾತ್ರೆ, ಒಂದು ಪ್ಲಾಸ್ಟಿಕ್ ಚೀಲ

ಅನಗೋಳದ ವಿದ್ಯಾರ್ಥಿ ಮಿತ್ರರೇ, ಊರಿನ ಆಚೆ ತುದಿಯ ನೆಹರೂ ನಗರದಲ್ಲಿ 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ನಿಮಗೆ ಗೊತ್ತು. ಅದರ ದೊಡ್ಡ ಪಾಠವೊಂದು ನಡೆದದ್ದು ಮಾತ್ರ ಹಳ್ಳಿಗಳಲ್ಲಿ.

ಹೆರಿಗೆಯಾದೊಡನೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಆಗ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಕುಗ್ಗದಿದ್ದರೆ ಬಾಣಂತಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆಕ್ಸಿಟೋಸಿನ್ ಚುಚ್ಚುಮದ್ದು ಒಳ್ಳೆಯದೇ, ಆದರೆ ಅದನ್ನು ತಂಪಿನಲ್ಲಿಡಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ 1,620 ತಾಯಂದಿರಲ್ಲಿ ಇದರ ಪರೀಕ್ಷೆ ನಡೆಯಿತು. ಮಾತ್ರೆ ಕೊಟ್ಟವರು ಡಾಕ್ಟರರಲ್ಲ, ತರಬೇತಿ ಪಡೆದ ಹಳ್ಳಿಯ ಸಹಾಯಕ ನರ್ಸ್‌ಗಳು. ಅರ್ಧದಷ್ಟು ತಾಯಂದಿರಿಗೆ ಮೂರು ನಿಜವಾದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ನರ್ಸ್‌ಗೂ ತಿಳಿಯದು. ಹುಸಿ ಮಾತ್ರೆ ನ್ಯಾಯವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಅಂಥ ಹೆರಿಗೆಗಳಲ್ಲಿ ಆಗ ರಕ್ತ ತಡೆಯುವ ಔಷಧವನ್ನೇ ಕೊಡುತ್ತಿರಲಿಲ್ಲ ಎಂಬುದು ಸಂಶೋಧಕರ ಉತ್ತರ.

ಸುರಿದ ರಕ್ತ ಕಣ್ಣಂದಾಜಿಗೆ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಅದಕ್ಕೆಂದೇ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಬಾಣಂತಿಯ ಕೆಳಗೆ ಹಾಸಿದರು. ನನ್ನನ್ನು ಕೇಳಿದರೆ, ಮಾತ್ರೆಗಿಂತ ಈ ಚೀಲವೇ ಹೆಚ್ಚು ಜಾಣತನದ್ದು.

ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಕಳೆದುಕೊಂಡವರು ಹುಸಿ ಮಾತ್ರೆಯವರಲ್ಲಿ ನೂರಕ್ಕೆ 12. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4. ಈ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2023ರಲ್ಲಿ ಪ್ರಕಟವಾದ, ಆಫ್ರಿಕಾದ ನಾಲ್ಕು ದೇಶಗಳ ದೊಡ್ಡ ಅಧ್ಯಯನವೊಂದರಲ್ಲೂ ರಕ್ತ ಅಳೆದದ್ದು ಇಂಥದೇ ಗೆರೆಯ ಚೀಲದಲ್ಲಿ.